ದೇವರೂ ಗುಳೆ ಹೋದ ಊರು

ಜಪಾನಿನ ಕೀ-ತನಾಬೆ ರೈಲು ನಿಲ್ದಾಣದಿಂದ ಬೆಟ್ಟ ಸುತ್ತುತ್ತಾ ಹೊರಟ ಬಸ್ಸು ಸುಮಾರು ಎರಡು ಗಂಟೆಯ ನಂತರ ಹೊಂಗೂ ಎಂಬ ಹಳ್ಳಿಯಲ್ಲಿ ಇಳಿಸಿತು. ಅಲ್ಲಿ ಗದ್ದೆಗಳ ನಡುವೆ ಒಂದು ತೊರೀ, ಅಂದರೆ ಶಿಂತೋ ಗುಡಿಯ ಹೆಬ್ಬಾಗಿಲು, 33.9 ಮೀಟರ್ ಎತ್ತರಕ್ಕೆ ನಿಂತಿದೆ. ಅದನ್ನು ದಾಟಿ ಮರಗಳ ನೆರಳಲ್ಲಿ ನಡೆದರೆ ಸಿಗುವುದು ಹುಲ್ಲಿನ ಬಯಲು, ಎರಡು ಪುಟ್ಟ ಕಲ್ಲುಗುಡಿಗಳು, ಅಷ್ಟೇ. ಇಷ್ಟು ದೊಡ್ಡ ಬಾಗಿಲಿಗೆ ಗುಡಿ ಎಲ್ಲಿ?

ಒಂದು ಕಾಲಕ್ಕೆ ಇಲ್ಲೇ ಇತ್ತು. ಈ ಜಾಗ ಓಯುನೊಹಾರಾ, ಕುಮಾನೊ ನದಿಗೆ ಬೇರೆ ಹೊಳೆಗಳು ಬಂದು ಸೇರುವ ಮರಳುದಿಬ್ಬ. ಕುಮಾನೊ ಹೊಂಗೂ ತೈಶಾ ಇದ್ದದ್ದು ಇದರ ಮೇಲೆ. ಹನ್ನೆರಡನೆಯ ಶತಮಾನದಲ್ಲಿ ಪಟ್ಟ ಬಿಟ್ಟಿದ್ದ ಚಕ್ರವರ್ತಿ ಗೋ-ಶಿರಾಕಾವಾ ಕ್ಯೋಟೊದಿಂದ ಮೂವತ್ತಕ್ಕೂ ಹೆಚ್ಚು ಸಲ ಕುಮಾನೊ ಯಾತ್ರೆ ಮಾಡಿದ. ಆಗ ಸೇತುವೆ ಇರಲಿಲ್ಲ. ಹೊಳೆಯಲ್ಲಿ ಕಾಲು ನೆನೆಸಿಕೊಂಡೇ ದೇವರ ಮುಂದೆ ಹೋಗಬೇಕು, ಮಡಿಯಾಗುತ್ತಿದ್ದದ್ದೇ ಹಾಗೆ.

1889ರ ಆಗಸ್ಟಿನಲ್ಲಿ ಅದೇ ನೀರು ಗುಡಿಯ ಮೇಲೆ ಬಂತು. ಭಾರಿ ಮಳೆಗೆ ಮೇಲ್ದಂಡೆಯ ಬೆಟ್ಟಗಳು ಕುಸಿದು ಕಣಿವೆಗಳಿಗೆ ಅಡ್ಡ ಬಿದ್ದವು, ಹಿಂದೆ ನೀರು ನಿಂತು ಒಡೆಯಿತು. ಕಟ್ಟಡಗಳಲ್ಲಿ ಬಹುಪಾಲು ಕೊಚ್ಚಿಹೋದವು. ಉಳಿದವನ್ನು ಬಿಚ್ಚಿ ಸಮೀಪದ ಗುಡ್ಡದ ಮೇಲೆ 1891ರಲ್ಲಿ ಮತ್ತೆ ನಿಲ್ಲಿಸಿದರು.

ನಾನೂ ಆ 158 ಮೆಟ್ಟಿಲು ಹತ್ತಿದೆ. ಮರದ ತೊಗಟೆ ಹೊದಿಸಿದ ಸೂರಿನ ಹಳೆಯ ಗುಡಿಗಳು, ಸದ್ದಿಲ್ಲದ ಅಂಗಳ. ಹನ್ನೆರಡು ಸನ್ನಿಧಿಗಳಲ್ಲಿ ಗುಡ್ಡಕ್ಕೆ ಬಂದದ್ದು ನಾಲ್ಕು. ಉಳಿದ ಎಂಟಕ್ಕೆ ಇವತ್ತಿಗೂ ಕೆಳಗಿನ ಕಲ್ಲುಗುಡಿಗಳಲ್ಲೇ ಪೂಜೆ. ಒಂದೇ ಮನೆಯಲ್ಲಿ ಕೆಲವರು ಹೊರಟು, ಕೆಲವರು ಊರಲ್ಲೇ ಉಳಿದ ಹಾಗೆ.

ಮನುಷ್ಯರದ್ದೂ ಅದೇ ಕಥೆ. ಮೇಲ್ದಂಡೆಯ ತೊತ್ಸುಕಾವಾದಲ್ಲಿ ಆ ಪ್ರವಾಹಕ್ಕೆ 168 ಜನ ಸತ್ತರು. ಮನೆ-ಹೊಲ ಕಳೆದುಕೊಂಡ ಸುಮಾರು 2,500 ಮಂದಿ ಅದೇ ವರ್ಷ ಸಾವಿರ ಕಿಲೋಮೀಟರಿಗೂ ಆಚೆಯ ಹೊಕ್ಕೈಡೊಗೆ ಗುಳೆ ಹೋದರು. ಹಿಮ ಬೀಳುವ ಆ ನೆಲದಲ್ಲಿ ಕಾಡು ಕಡಿದು ಕಟ್ಟಿದ ಊರಿಗೆ ಶಿನ್-ತೊತ್ಸುಕಾವಾ ಎಂದೇ ಹೆಸರಿಟ್ಟರು. ಹೊಸ ತೊತ್ಸುಕಾವಾ ಎಂದು ಅರ್ಥ. ಅದು ಇಂದಿಗೂ ಇದೆ, ಹಳೆಯದೂ ಇದೆ.

ಆ ಹೆಬ್ಬಾಗಿಲು ಹಳೆಯದಲ್ಲವೆಂದು ಆಮೇಲೆ ಗೊತ್ತಾಯಿತು. ಕಟ್ಟಿದ್ದು 2000ದಲ್ಲಿ, ಗುಡಿ ಹೋಗಿ ನೂರು ವರ್ಷ ಕಳೆದ ಮೇಲೆ. ಖಾಲಿ ಬಯಲಿಗೆ ಬಾಗಿಲೇಕೆ ಎಂದು ಬೆಳಿಗ್ಗೆ ಅನಿಸಿತ್ತು. ಸಂಜೆ ಬಸ್ಸಿಗೆ ಕಾಯುವಾಗ ಹಾಗೆ ಅನಿಸಲಿಲ್ಲ.