ಪರಸ್ಥಳದ ಊಟ

ಮನೆ ಬಿಟ್ಟು ಹೊರಟವನನ್ನು ಮೊದಲು ಕಾಡುವುದು ದಾರಿಯ ಚಿಂತೆಯಲ್ಲ, ಊಟದ ಚಿಂತೆ. ಬುತ್ತಿ ಕಟ್ಟಿಕೊಂಡು ಹೊರಡುವುದು ನಮ್ಮ ಹಿರಿಯರ ವಾಡಿಕೆಯಾಗಿತ್ತು. ಬುತ್ತಿ ತೀರಿದ ಮೇಲೆ ಏನು? ಈ ಪ್ರಶ್ನೆಗೆ ಒಂದೊಂದು ನಾಡು ಒಂದೊಂದು ಬಗೆಯ ಉತ್ತರವನ್ನು ಕಂಡುಕೊಂಡಿತು. ಕೆಲವೆಡೆ ಅದು ಧರ್ಮದ ಉತ್ತರ: ಛತ್ರ, ಮಠ, ಅನ್ನಸತ್ರ. ಕೆಲವೆಡೆ ಅದು ಅಂಗಡಿಯ ಉತ್ತರ. ಹಣ ತೆತ್ತು, ತನಗೆ ಬೇಕಾದುದನ್ನು ಕೇಳಿ ಪಡೆದು ಉಣ್ಣುವ ಭೋಜನಶಾಲೆ ಪ್ಯಾರಿಸ್ಸಿನಲ್ಲಿ ಹುಟ್ಟಿತೆಂದು ನಮ್ಮಲ್ಲಿ ಅನೇಕರ ತಿಳಿವಳಿಕೆ. 'ರೆಸ್ಟೋರೆಂಟ್' ಎಂಬ ಮಾತು ಅಲ್ಲಿ ಈ ಅರ್ಥಕ್ಕೆ ಬಂದದ್ದು 1760ರ ದಶಕದಿಂದ ಈಚೆಗೆ ಎಂಬುದು ನಿಜ. ಆದರೆ ಪದ ಅಲ್ಲಿಯದಾದರೂ ಪದಾರ್ಥ ಅಲ್ಲಿಯದಲ್ಲ. ಅದಕ್ಕೆ ಆರುನೂರು ವರ್ಷಗಳಿಗೂ ಹಿಂದೆ, ಚೀನದ ಕೈಫೆಂಗ್ ನಗರದಲ್ಲಿ, ಪರಸ್ಥಳದವರ ನಾಲಗೆಯನ್ನು ಅರಿತು ನಡೆಸುತ್ತಿದ್ದ ಭೋಜನಶಾಲೆಗಳಿದ್ದವು. ಅವುಗಳ ಕಥೆ ಕೇವಲ ರುಚಿಯ ಕಥೆಯಲ್ಲ. ಒಂದು ಜನಾಂಗ ತನ್ನ ಊರನ್ನು ಕಳೆದುಕೊಂಡ ಕಥೆಯೂ ಅದರಲ್ಲಿ ಸೇರಿದೆ.

ಸುಂಗ್ ವಂಶದ ಅರಸರು 960ರಿಂದ 1127ರವರೆಗೆ ಕೈಫೆಂಗನ್ನು ರಾಜಧಾನಿಯಾಗಿ ಮಾಡಿಕೊಂಡಿದ್ದರು. ಅವರಿಗೆ ಮುಂಚಿನ ತಾಂಗ್ ಅರಸರ ಚಾಂಗ್‌ಆನ್ ಗೋಡೆ ಸುತ್ತಿದ ಕೇರಿಗಳ ನಗರ. ಸಂಜೆ ನಗಾರಿಯ ಸದ್ದಾದರೆ ಕೇರಿಗಳ ಬಾಗಿಲು ಮುಚ್ಚುತ್ತಿತ್ತು, ಬೀದಿ ನಿರ್ಜನವಾಗುತ್ತಿತ್ತು. ಕೈಫೆಂಗಿನಲ್ಲಿ ಈ ಕಟ್ಟು ಸಡಿಲವಾಯಿತು. ರಾತ್ರಿಯ ಸಂತೆಯನ್ನು ಮೂರನೆಯ ಜಾವದವರೆಗೆ ಯಾರೂ ತಡೆಯಕೂಡದೆಂದು 965ರಲ್ಲಿ ರಾಜಾಜ್ಞೆ ಹೊರಟಿತು. ದಕ್ಷಿಣದ ಅಕ್ಕಿಯನ್ನು ಹೊತ್ತ ದೋಣಿಗಳು ಕಾಲುವೆಗಳ ಮೂಲಕ ನಗರದ ನಡುವಿಗೇ ಬರುತ್ತಿದ್ದವು. ದೋಣಿಗಳ ಹಿಂದೆ ವರ್ತಕರು ಬಂದರು, ಅಧಿಕಾರಿಗಳು ಬಂದರು, ರಾಜಸೇವೆಯ ಪರೀಕ್ಷೆಗೆ ಕೂರಲು ದೂರದ ಪ್ರಾಂತಗಳಿಂದ ವಿದ್ಯಾರ್ಥಿಗಳು ಬಂದರು. ಹೀಗೆ ಬಂದವರಲ್ಲಿ ದಕ್ಷಿಣದವರ ಪಾಡು ಕಷ್ಟದ್ದು. ಉತ್ತರದವರದು ಗೋಧಿ, ನವಣೆ, ಕುರಿಮಾಂಸ. ದಕ್ಷಿಣದವರದು ಅನ್ನ, ಮೀನು. ಇದನ್ನು ಕಂಡ ಅಂಗಡಿಕಾರರು 'ದಕ್ಷಿಣದ ಊಟ', 'ಸಿಚುವಾನಿನ ಊಟ' ಎಂದು ಬೇರೆಬೇರೆ ಭೋಜನಶಾಲೆಗಳನ್ನು ತೆರೆದರು. ಒಂದು ದೇಶದೊಳಗಿನ ಪ್ರಾಂತಭೇದದ ಅಡುಗೆ ಅಂಗಡಿಯ ಹೆಸರಾಗಿ ಮಾರಾಟಕ್ಕೆ ಬಂದದ್ದು, ನಾನು ಬಲ್ಲಮಟ್ಟಿಗೆ, ಇಲ್ಲಿಯೇ ಮೊದಲು.

ಈ ವಿವರಗಳು ನಮಗೆ ದೊರೆಯುವುದು ಮೆಂಗ್ ಯುವಾನ್‌ಲಾವ್ ಎಂಬಾತ ಬರೆದಿಟ್ಟ ಪೂರ್ವ ರಾಜಧಾನಿಯ ನೆನಪಿನ ಪುಸ್ತಕದಲ್ಲಿ. ಅವನು 1103ರಲ್ಲಿ ತಂದೆಯೊಡನೆ ಈ ನಗರಕ್ಕೆ ಬಂದವನು. ಅವನ ಲೆಕ್ಕದಂತೆ ಅಲ್ಲಿ ದೊಡ್ಡ ಪಾನಭೋಜನಶಾಲೆಗಳೇ 72 ಇದ್ದವು, ಚಿಕ್ಕವುಗಳಿಗೆ ಎಣಿಕೆಯಿಲ್ಲ. ಅವುಗಳಲ್ಲಿ ಹೆಸರಾದ ಒಂದು ಮೂರು ಅಂತಸ್ತಿನದು. ಅದರ ಐದು ಕಟ್ಟಡಗಳನ್ನು ತೂಗುಸಾಲಿನಂಥ ಮೇಲುಸೇತುವೆಗಳು ಜೋಡಿಸಿದ್ದವು. ಅದರ ಪಡುವಣ ಮಾಳಿಗೆಯ ಮೇಲಂತಸ್ತಿಗೆ ಗಿರಾಕಿಗಳು ಹತ್ತದಂತೆ ಆಮೇಲೆ ತಡೆಹಾಕಿದರಂತೆ. ಕಾರಣ, ಅಲ್ಲಿಂದ ಅರಮನೆಯ ಒಳಗು ಕಾಣುತ್ತಿತ್ತು! ಝಾಂಗ್ ಝೆದುವಾನ್ ಎಂಬ ಚಿತ್ರಕಾರ ಐದು ಮೀಟರಿಗೂ ಉದ್ದವಾದ ರೇಷ್ಮೆಯ ಸುರುಳಿಯ ಮೇಲೆ ಬರೆದ ನಗರಚಿತ್ರ ಬೀಜಿಂಗಿನ ಅರಮನೆ ವಸ್ತುಸಂಗ್ರಹಾಲಯದಲ್ಲಿದೆ. ಬಾಗಿಲಿಗೆ ಎತ್ತರದ ಅಲಂಕಾರದ ಚಪ್ಪರ ಕಟ್ಟಿದ ಇಂಥ ಶಾಲೆಗಳನ್ನು ಅದರಲ್ಲಿ ಇಂದಿಗೂ ನೋಡಬಹುದು.

ಮೆಂಗ್ ಯುವಾನ್‌ಲಾವ್ ಬಡಿಸುವವರನ್ನು ವರ್ಣಿಸುವ ಭಾಗ ನನಗೆ ಬಹಳ ಪ್ರಿಯವಾದುದು. ಕೈಫೆಂಗಿನ ಗಿರಾಕಿ ಸುಲಭದ ಆಸಾಮಿಯಲ್ಲ. ಒಬ್ಬನಿಗೆ ಬಿಸಿ ಬೇಕು, ಒಬ್ಬನಿಗೆ ತಣ್ಣನೆಯದು, ಮತ್ತೊಬ್ಬನಿಗೆ ಹಿಮದಷ್ಟು ತಣ್ಣನೆಯದು. ಒಬ್ಬ ಕೊಬ್ಬು ಬೇಕೆಂದರೆ ಪಕ್ಕದವ ಬೇಡವೆನ್ನುತ್ತಾನೆ. ಮಾಣಿ ಎಲ್ಲರ ಮಾತನ್ನೂ ಕೇಳಿಸಿಕೊಂಡು, ಅಡುಗೆಮನೆಯ ಬಳಿ ನಿಂತು, ಪಟ್ಟಿಯನ್ನು ಮೊದಲಿನಿಂದ ರಾಗವಾಗಿ ಒಪ್ಪಿಸುತ್ತಾನೆ. ಮರುಕ್ಷಣದಲ್ಲಿ ಎಡಗೈಯಲ್ಲಿ ಮೂರು ಬಟ್ಟಲು, ಬಲಗೈಯಿಂದ ಹೆಗಲವರೆಗೆ ಸುಮಾರು ಇಪ್ಪತ್ತು ಬಟ್ಟಲುಗಳನ್ನು ಪೇರಿಸಿಕೊಂಡು ಬಂದು, ಯಾರದು ಯಾರಿಗೋ ಅದನ್ನು ತಪ್ಪದೆ ಇಡುತ್ತಾನೆ. ತಪ್ಪಿದರೆ ಗಿರಾಕಿ ಯಜಮಾನನಿಗೆ ದೂರುತ್ತಾನೆ. ಬೈಗುಳ, ಸಂಬಳದಲ್ಲಿ ಕಡಿತ, ಕೊನೆಗೆ ಕೆಲಸವೇ ಹೋಗುವುದು. ಉಂಡವನ ಸುಖದ ಹಿಂದೆ ಬಡಿಸಿದವನ ಭಯವೂ ಇತ್ತೆಂಬುದನ್ನು ಈ ಲೇಖಕ ಮರೆಮಾಚಿಲ್ಲ. ಹಾಗೆಯೇ ಆ ನಗರದ ದೊಡ್ಡತನವನ್ನೂ ಹೇಳಿದ್ದಾನೆ. ನೆರೆಗೆ ಹೊಸಬರು ಬಂದರೆ ಅಕ್ಕಪಕ್ಕದವರು ಪಾತ್ರೆಪಡಗ ಎರವಲು ಕೊಟ್ಟು, ಬಿಸಿ ಪಾನೀಯ ತಂದು ಕೊಟ್ಟು, ಯಾವುದನ್ನು ಎಲ್ಲಿ ಕೊಳ್ಳಬೇಕೆಂದು ತೋರಿಸುತ್ತಿದ್ದರಂತೆ.

ಈಗ ಅದೇ ಕಾಲದ ನಮ್ಮ ನಾಡಿನತ್ತ ಒಂದು ನೋಟ. ಕೈಫೆಂಗಿನ ಕೊನೆಯ ದಿನಗಳೆಂದರೆ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯ ತೀರಿಕೊಂಡು ಮೂರನೆಯ ಸೋಮೇಶ್ವರ ಪಟ್ಟಕ್ಕೆ ಬಂದ ದಿನಗಳು. ಈ ಸೋಮೇಶ್ವರನ 'ಮಾನಸೋಲ್ಲಾಸ'ದ ಅನ್ನಭೋಗ ಪ್ರಕರಣದಲ್ಲಿ ಭಕ್ಷ್ಯಭೋಜ್ಯಗಳಿಗೆ ಕೊರತೆಯಿಲ್ಲ. ಆದರೆ ಅದು ಅರಸನ ಎಲೆ; ದಾರಿಗನದಲ್ಲ. ದಾರಿಗನ ಎಲೆಯನ್ನು ಹುಡುಕಬೇಕಾದರೆ ಶಾಸನಗಳಿಗೆ ಹೋಗಬೇಕು. ಬಳ್ಳಿಗಾವೆಯ ಕೋಡಿಯ ಮಠವನ್ನು ಕುರಿತ 1162ರ ಶಾಸನ, ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಹಾಡುವವರು, ಕುಣಿಯುವವರು, ನಾನಾ ದೇಶಗಳ ಭಿಕ್ಷುಕರು ಎಲ್ಲರಿಗೂ ಅದು ಅನ್ನದ ತಾಣವೆಂದು ಹೊಗಳುತ್ತದೆ. ಕೈಫೆಂಗಿನ ಬಾಗಿಲು ತೆರೆಯುತ್ತಿದ್ದುದು ಹಣವಿದ್ದವನಿಗೆ. ಕೋಡಿಯ ಮಠದ ಬಾಗಿಲು ಏನೂ ಇಲ್ಲದವನಿಗೆ. ಯಾವುದು ಮೇಲು ಎಂದು ಕೇಳಿದರೆ ಹಸಿದವನು ಕೊಡುವ ಉತ್ತರ ನಮಗೆ ಗೊತ್ತೇ ಇದೆ.

ಆದರೆ ದಾನದ ಊಟದಲ್ಲಿ ಆಯ್ಕೆಯಿಲ್ಲ. ಇದಕ್ಕೆ ಇಬ್ನ್ ಬತೂತನ ಮಾತು ಸಾಕ್ಷಿ. ಮೊರಾಕೊ ದೇಶದ ಈ ಪ್ರವಾಸಿ ಹದಿನಾಲ್ಕನೆಯ ಶತಮಾನದಲ್ಲಿ ನಮ್ಮ ಹೊನ್ನಾವರದ ಸುಲ್ತಾನನ ಅತಿಥಿಯಾಗಿದ್ದ. ತಾಮ್ರದ ತಟ್ಟೆಗೆ ಅನ್ನ, ಅದರ ಮೇಲೆ ತುಪ್ಪ, ಪಕ್ಕದಲ್ಲಿ ಮೆಣಸು, ಶುಂಠಿ, ನಿಂಬೆ, ಮಾವುಗಳ ಉಪ್ಪಿನಕಾಯಿ, ಮತ್ತೆ ಅನ್ನ, ಕೋಳಿ, ಮೀನು, ತರಕಾರಿ, ಕೊನೆಗೆ ಮೊಸರು: ಹೀಗೆ ರಾಜೋಪಚಾರವನ್ನು ಸಾಲಾಗಿ ವರ್ಣಿಸಿದ್ದಾನೆ. ಎಲ್ಲ ಹೇಳಿದ ಮೇಲೆ, ಅಲ್ಲಿದ್ದ ಹನ್ನೊಂದು ತಿಂಗಳೂ ರೊಟ್ಟಿಯ ಮುಖ ಕಾಣಲಿಲ್ಲವೆಂದು ಸೇರಿಸುತ್ತಾನೆ. ಮುಂದೆ ಕರಾವಳಿಯಲ್ಲೂ ದ್ವೀಪಗಳಲ್ಲೂ ವರ್ಷಗಟ್ಟಲೆ ಅನ್ನವನ್ನೇ ಉಂಡು, ನೀರಿನ ನೆರವಿಲ್ಲದೆ ಅದು ಗಂಟಲಿನಲ್ಲಿ ಇಳಿಯದ ಸ್ಥಿತಿ ಬಂತಂತೆ. ಉಪಚಾರ ಎಷ್ಟು ದೊಡ್ಡದಾದರೂ ಅತಿಥಿ 'ನನಗೆ ರೊಟ್ಟಿ ಬೇಕು' ಎನ್ನಲಾರ. ಗಿರಾಕಿ ಎನ್ನಬಲ್ಲ. ಅಂಗಡಿಯ ಊಟ ಮನುಷ್ಯನಿಗೆ ಕೊಟ್ಟ ಮೊದಲ ಸ್ವಾತಂತ್ರ್ಯ ಇದು.

ಎರಡನೆಯದೂ ಒಂದಿದೆ. ಹಣ ತೆತ್ತವನ ಕುಲವನ್ನು ಅಂಗಡಿ ಕೇಳಬೇಕಾಗಿಲ್ಲ. ಕೇಳಬೇಕಾಗಿಲ್ಲ ಎಂದೆನೇ ಹೊರತು ಕೇಳಲಿಲ್ಲ ಎನ್ನಲಿಲ್ಲ. ನಮ್ಮ ಊರುಗಳಲ್ಲಿ ಹೋಟೆಲುಗಳು ಬಂದ ಮೇಲೂ ಒಂದು ಜಾತಿಗೆ ಬೇರೆ ಕೋಣೆ, ಇನ್ನೊಂದಕ್ಕೆ ಹೊರಜಗಲಿ ಎಂಬ ಏರ್ಪಾಡು ಬಹುಕಾಲ ನಡೆಯಿತು. ಹೋಟೆಲಿನ ಬಾಗಿಲು ಎಲ್ಲರದೂ ಎಂಬ ಮಾತು 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿಯಲ್ಲಿ ಸೇರಬೇಕಾಯಿತು. ಊಟದ ಚರಿತ್ರೆ ರುಚಿಯ ಚರಿತ್ರೆ ಮಾತ್ರವಲ್ಲ ಎಂಬುದಕ್ಕೆ ಬೇರೆ ನಿದರ್ಶನ ಬೇಕೆ?

ಮತ್ತೆ ಕೈಫೆಂಗಿಗೆ ಬರೋಣ. ಉತ್ತರದಿಂದ ನುಗ್ಗಿದ ಜುರ್ಚೆನ್ ಸೇನೆ 1127ರಲ್ಲಿ ನಗರವನ್ನು ಸೂರೆಗೊಂಡಿತು. ಆಳುತ್ತಿದ್ದ ಚಕ್ರವರ್ತಿಯನ್ನೂ ಅವನ ತಂದೆಯನ್ನೂ ಸೆರೆಹಿಡಿದು ಒಯ್ದರು. ಉಳಿದ ಒಬ್ಬ ರಾಜಕುಮಾರ, ಗಾವ್‌ಝೋಂಗ್, ದಕ್ಷಿಣಕ್ಕೆ ಓಡಿ ಹಾಂಗ್‌ಝೌ ನಗರದಲ್ಲಿ ನೆಲೆ ನಿಂತ. ಹಿಂದಿರುಗುವ ಆಸೆಯಿಂದ ಅದನ್ನು ರಾಜಧಾನಿಯೆನ್ನದೆ ತಾತ್ಕಾಲಿಕ ಬಿಡದಿಯೆಂದೇ ಕರೆದರು. ಅವನ ಹಿಂದೆ ಲಕ್ಷಗಟ್ಟಲೆ ಜನ ಬಂದರು. ಅವರಲ್ಲಿ ಮೆಂಗ್ ಯುವಾನ್‌ಲಾವ್‌ನೂ ಒಬ್ಬ. ಕೂಟಗಳಲ್ಲಿ ಹಳೆಯ ನಗರದ ಮಾತು ಬಂದಾಗ ಕಿರಿಯರು ನಂಬದೆ ಮನಬಂದಂತೆ ಆಡುತ್ತಿದ್ದರಂತೆ. ಸತ್ಯವೆಲ್ಲ ಮರೆತುಹೋದೀತೆಂದು ಅಂಜಿ ಅವನು ಪುಸ್ತಕ ಬರೆದ. ಅದರ ಮುನ್ನುಡಿಯ ಕಾಲ 1147. ಆಗ ಬೀದಿ, ಸೇತುವೆ, ಹಬ್ಬಗಳೊಡನೆ ಅವನಿಗೆ ನೆನಪಾದುದು ತಿಂಡಿಯ ಅಂಗಡಿಗಳು.

ಅಡುಗೆಯವರೂ ಓಡಿಬಂದಿದ್ದರು. ಹೊಸ ನಗರದ ಭೋಜನಶಾಲೆಗಳಲ್ಲಿ ಬಹುಪಾಲು ಹಳೆಯ ರಾಜಧಾನಿಯವರವೇ ಎಂದು 1235ರ ಒಂದು ಗ್ರಂಥ ಹೇಳುತ್ತದೆ. ವ್ರತ ಹಿಡಿದವರಿಗೆ ಕೇವಲ ಸಸ್ಯಾಹಾರದ ಶಾಲೆಗಳೂ ಇದ್ದವು. ಸರೋವರದ ದಂಡೆಯಲ್ಲಿ ಮೀನಿನ ಸಾರು ಮಾರುತ್ತಿದ್ದ ಒಬ್ಬ ಹೆಂಗಸನ್ನು ಜನ ಸುಂಗ್ ವೂಸಾವ್, ಎಂದರೆ ಸುಂಗ್ ಮನೆಯ ಐದನೆಯ ಅತ್ತಿಗೆ, ಎಂದು ಕರೆಯುತ್ತಿದ್ದರು. 1179ರಲ್ಲಿ, ಸಿಂಹಾಸನ ಬಿಟ್ಟುಕೊಟ್ಟು ಮುದುಕನಾಗಿದ್ದ ಗಾವ್‌ಝೋಂಗ್ ದೋಣಿಯಲ್ಲಿ ವಿಹರಿಸುತ್ತ ಅವಳನ್ನು ಕರೆಸಿದ. ತಾನು ಪೂರ್ವ ರಾಜಧಾನಿಯವಳು, ತಮ್ಮ ಹಿಂದೆಯೇ ಇಲ್ಲಿಗೆ ಬಂದವಳು ಎಂದು ಅವಳು ಅರಿಕೆಮಾಡಿಕೊಂಡಳು. ಅವಳ ಮುಪ್ಪನ್ನು ಕಂಡು ಮರುಗಿ ಅವನು ಹೊನ್ನು, ಬೆಳ್ಳಿ, ರೇಷ್ಮೆ ಕೊಡಿಸಿದ. ಸುದ್ದಿ ಹಬ್ಬಿ ಅವಳ ಅಂಗಡಿಗೆ ಜನ ಮುಗಿಬಿದ್ದರು. ಸಾರಿನಲ್ಲಿ ಅರಸನಿಗೆ ಸಿಕ್ಕ ರುಚಿ ಯಾವುದೆಂದು ಬಿಡಿಸಿ ಹೇಳಬೇಕಾಗಿಲ್ಲ. ರಾಜ್ಯ ಕಳೆದುಕೊಂಡವನೂ ಮನೆ ಕಳೆದುಕೊಂಡವಳೂ ಆ ಗಳಿಗೆಯಲ್ಲಿ ಒಂದೇ ಊರಿನವರು. ಅವಳ ಹೆಸರಿನ ಸಾರು ಹಾಂಗ್‌ಝೌ ನಗರದಲ್ಲಿ ಇಂದಿಗೂ ದೊರೆಯುತ್ತದೆ.

ಕಾಲ ಮಾತ್ರ ಯಾರ ನೆನಪಿಗೂ ಕಾಯುವುದಿಲ್ಲ. ಸುಂಗ್ ರಾಜ್ಯದ ಕೊನೆಯನ್ನು ಕಂಡ ವೂ ಝಿಮು ಎಂಬ ಲೇಖಕ ಇದನ್ನು ಗುರುತಿಸಿದ್ದಾನೆ. ಹಿಂದೆ ಕೈಫೆಂಗಿನಲ್ಲಿ ದಕ್ಷಿಣದ ಊಟದ ಅಂಗಡಿಗಳಿದ್ದುದು ಉತ್ತರದ ಊಟ ಒಗ್ಗದವರಿಗಾಗಿ; ಈಗ ಇಲ್ಲಿಯ ಮಣ್ಣುನೀರು ಎಲ್ಲರಿಗೂ ಒಗ್ಗಿ, ಊಟ ಬೆರೆತು, ಉತ್ತರದಕ್ಷಿಣವೆಂಬ ಭೇದವೇ ಉಳಿದಿಲ್ಲ ಎಂದು ಅವನ ಮಾತಿನ ಸಾರ. ಬೆರೆಯುವುದು ಅಲ್ಲಿಗೂ ನಿಲ್ಲಲಿಲ್ಲ. ಇಂದು ಸಿಚುವಾನಿನ ಊಟವೆಂದರೆ ಮೆಣಸಿನಕಾಯಿ. ಆದರೆ ಅಮೆರಿಕ ಖಂಡದ ಈ ಕಾಯಿ ಚೀನದ ಬರಹಗಳಲ್ಲಿ ಕಾಣಿಸಿಕೊಳ್ಳುವುದು ಹದಿನಾರನೆಯ ಶತಮಾನದ ಕೊನೆಗೆ. ಕೈಫೆಂಗಿನ ಸಿಚುವಾನ್ ಶಾಲೆಯವನು ಅದನ್ನು ಕಂಡೇ ಇರಲಿಲ್ಲ. ಇನ್ನು ನಮ್ಮ ಬೀದಿಯ ಗಾಡಿಗಳಲ್ಲಿ ಕೆಂಪಗೆ ಹೊಳೆಯುವ ಗೋಬಿ ಮಂಚೂರಿಯನ್ನು ಮಂಚೂರಿಯಕ್ಕೆ ಒಯ್ದರೆ ಅಲ್ಲಿಯವರು ಇದು ಯಾವ ದೇಶದ ತಿಂಡಿಯೆಂದು ಕೇಳಿಯಾರು!

ಹಾಗಾದರೆ ಊಟಗಳು ಬೆರೆತದ್ದು ಲಾಭವೋ ನಷ್ಟವೋ? ಮೆಂಗ್ ಯುವಾನ್‌ಲಾವ್‌ನ ಪೀಳಿಗೆಗೆ ಅದು ನಷ್ಟವೇ. ಉತ್ತರದ ರುಚಿ ಬೇರೆಯಾಗಿ ಉಳಿದಿರುವವರೆಗೆ ಅವರು ಊರಿಗೆ ಹಿಂದಿರುಗಬೇಕಾದ ಪರದೇಶಿಗಳು. ಅದು ಬೆರೆತ ದಿನ ಹಿಂದಿರುಗುವ ಮಾತು ಮುಗಿಯಿತು. ಕೈಫೆಂಗ್ ಸುಂಗ್ ಅರಸರ ಕೈಯಲ್ಲಿ ಮತ್ತೆ ಸ್ಥಿರವಾಗಿ ನಿಲ್ಲಲೇ ಇಲ್ಲ. ಆದರೆ ಓಡಿಬಂದವರ ಮಕ್ಕಳಿಗೂ ಮೊಮ್ಮಕ್ಕಳಿಗೂ ಹಾಂಗ್‌ಝೌ ಪರಸ್ಥಳವಾಗಿ ಉಳಿಯಲಿಲ್ಲ. ಅವರಿಗೆ ಅದನ್ನು ಸ್ವಂತ ಊರಾಗಿ ಮಾಡಿಕೊಟ್ಟದ್ದು ಅರಸರ ಆಜ್ಞೆಯಲ್ಲ. ಬೀದಿಬೀದಿಯಲ್ಲಿ ಒಲೆ ಹೂಡಿ, ಬಂದವರ ಬಯಕೆಯನ್ನು ಕೇಳಿ ಬಡಿಸಿದ ಹೆಸರಿಲ್ಲದ ಅಡುಗೆಯವರು.