ಅಲಂಕಾರ ಪರಿಚಯ: 'ಅಂತೆ' ಎಂದುದೆಲ್ಲ ಉಪಮೆಯಲ್ಲ

ಕಾವ್ಯದ ಸೊಬಗನ್ನು ಹೆಚ್ಚಿಸುವ ಮಾತಿನ ರೀತಿಯೇ ಅಲಂಕಾರ. ಉಪಲಬ್ಧ ಕನ್ನಡ ಕೃತಿಗಳಲ್ಲಿ ಅತ್ಯಂತ ಪ್ರಾಚೀನವಾದ, 9ನೆಯ ಶತಮಾನದ 'ಕವಿರಾಜಮಾರ್ಗ'ವೇ ಒಂದು ಅಲಂಕಾರ ಗ್ರಂಥ. ರಾಷ್ಟ್ರಕೂಟ ದೊರೆ ನೃಪತುಂಗನ ಆಸ್ಥಾನದ ಶ್ರೀವಿಜಯನು ದಂಡಿಯ 'ಕಾವ್ಯಾದರ್ಶ'ವನ್ನು ಬಹುಮಟ್ಟಿಗೆ ಅನುಸರಿಸಿ ಇದನ್ನು ರಚಿಸಿದನು. ಇಷ್ಟು ಹಳೆಯ ಪರಂಪರೆಯಿದ್ದರೂ ಲಕ್ಷಣವನ್ನು ಕಂಠಪಾಠ ಮಾಡಿದ ವಿದ್ಯಾರ್ಥಿಗಳು ಸಮನ್ವಯದಲ್ಲಿ ಎಡವುವುದುಂಟು. ನಮ್ಮ ಜಿಲ್ಲೆಯ ಪರಿಚಿತ ನೋಟಗಳಿಂದಲೇ ಇದನ್ನು ತಿಳಿಯೋಣ.

ಉಪಮೆ: 'ಚಿತ್ರದುರ್ಗದ ಕೋಟೆಯು ಸರ್ಪದಂತೆ ಬೆಟ್ಟವನ್ನು ಸುತ್ತಿಕೊಂಡಿದೆ.' ಇಲ್ಲಿ ಕೋಟೆ ಉಪಮೇಯ, ಸರ್ಪ ಉಪಮಾನ, 'ಅಂತೆ' ಉಪಮಾವಾಚಕ, ಸುತ್ತಿಕೊಂಡಿರುವುದು ಸಮಾನಧರ್ಮ. ನಾಲ್ಕೂ ಇರುವುದರಿಂದ ಇದು ಪೂರ್ಣೋಪಮೆ. ಒಂದಾದರೂ ಇಲ್ಲದಿದ್ದರೆ ಲುಪ್ತೋಪಮೆ.

ರೂಪಕ: 'ಏಳುಸುತ್ತಿನ ಕೋಟೆಯೆಂಬ ಸರ್ಪವು ಬೆಟ್ಟವನ್ನು ಕಾಯುತ್ತಿದೆ.' ಇಲ್ಲಿ ಹೋಲಿಕೆಯಿಲ್ಲ. ಕೋಟೆಯೇ ಸರ್ಪವೆಂದು ಅಭೇದವನ್ನು ಹೇಳಲಾಗಿದೆ.

ಉತ್ಪ್ರೇಕ್ಷೆ: 'ಹೊಸದುರ್ಗ, ಹೊಳಲ್ಕೆರೆ ಸೀಮೆಯ ತೆಂಗಿನ ಗರಿಗಳು ಮಳೆಮೋಡವನ್ನು ಕೈಬೀಸಿ ಕರೆಯುತ್ತಿವೆಯೋ ಎಂಬಂತೆ ತೂಗುತ್ತಿವೆ.' 'ಅಂತೆ' ಎಂಬುದನ್ನು ಕಂಡೊಡನೆ ಇದನ್ನು ಉಪಮೆಯೆನ್ನುವುದೇ ಸಾಮಾನ್ಯವಾದ ತಪ್ಪು. ಗರಿಗಳು ತೂಗುವುದು ಗಾಳಿಯಿಂದ. ಅದನ್ನು ಮೋಡವನ್ನು ಕರೆಯುವ ಕ್ರಿಯೆಯೆಂದು ಕವಿ ಕಲ್ಪಿಸಿದ್ದಾನೆ. ಒಂದನ್ನು ಮತ್ತೊಂದಾಗಿ ಸಂಭಾವಿಸುವುದೇ ಉತ್ಪ್ರೇಕ್ಷೆ. ಮಳೆಗಾಗಿ ಮುಗಿಲು ನೋಡುವ ಬಯಲುಸೀಮೆಯ ಮನಸ್ಸು ಆ ಕಲ್ಪನೆಯಲ್ಲಿದೆ. ಉಪಮೆಯೆಂದು ಗುರುತಿಸಿದರೆ ಅಂಕದೊಂದಿಗೆ ಆ ಭಾವವೂ ಕೈತಪ್ಪುತ್ತದೆ.

ಅರ್ಥಾಂತರನ್ಯಾಸ: 'ಹಿರಿಯೂರಿನ ವಾಣಿವಿಲಾಸ ಸಾಗರವು 1933ರ ಬಳಿಕ 2022ರಲ್ಲಿ ಮತ್ತೆ ಕೋಡಿ ಹರಿಯಿತು, ತಾಳಿದವನು ಬಾಳಿಯಾನಲ್ಲವೇ!' ಮೊದಲನೆಯದು ವಿಶೇಷ ವಾಕ್ಯ, ಎರಡನೆಯದು ಸಾಮಾನ್ಯ ವಾಕ್ಯ. ಒಂದು ಮತ್ತೊಂದನ್ನು ಸಮರ್ಥಿಸುತ್ತದೆ.

ಇವು ಅರ್ಥವನ್ನು ಆಶ್ರಯಿಸಿದ ಅರ್ಥಾಲಂಕಾರಗಳು. 'ಕೋಟೆಯ ಕಲ್ಲುಕಲ್ಲಿಗೂ ಕಥೆ' ಎಂಬಲ್ಲಿ ಕಕಾರದ ಪುನರಾವೃತ್ತಿಯಿಂದ ನಾದ ಹುಟ್ಟುತ್ತದೆ; ಇದು ವೃತ್ತ್ಯನುಪ್ರಾಸವೆಂಬ ಶಬ್ದಾಲಂಕಾರ.

ಪದ್ಯವನ್ನು ಓದುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಹೋಲಿಸಿದೆಯೇ? ಒಂದೇ ಎಂದಿದೆಯೇ? ಕಲ್ಪಿಸಿದೆಯೇ? ಉತ್ತರವು ಕ್ರಮವಾಗಿ ಉಪಮೆ, ರೂಪಕ, ಉತ್ಪ್ರೇಕ್ಷೆ. ವಾಚಕಪದವು ಕೇವಲ ಸುಳಿವು, ನಿರ್ಣಯವಾಗಬೇಕಾದುದು ಅರ್ಥದಿಂದ.