1784ರ ಆಚೆಗಿನ ಅಜ್ಜಂದಿರು

ಮಂಗಳೂರಿನ ಹಳೆಯ ಇಗರ್ಜಿಯೊಂದರ ದೀಕ್ಷಾಸ್ನಾನದ ಪುಸ್ತಕ ಬಿಡಿಸಿದರೆ ಮೊದಲು ಕಣ್ಣಿಗೆ ಬೀಳುವುದು ಒಂದೇ ಬಗೆಯ ಹೆಸರುಗಳು. ಡಿಸೋಜ, ಪಿಂಟೊ, ಲೋಬೊ, ಫೆರ್ನಾಂಡಿಸ್, ಮತ್ತೆ ಡಿಸೋಜ. ಉದ್ದನೆಯ ದಪ್ಪ ಪುಸ್ತಕ. ಮಗುವಿನ ಹೆಸರು, ಹುಟ್ಟಿದ ದಿನ, ದೀಕ್ಷೆಯ ದಿನ, ತಂದೆ, ತಾಯಿ, ಜ್ಞಾನ ತಂದೆ, ಜ್ಞಾನ ತಾಯಿ, ಕೊನೆಗೆ ಪಾದ್ರಿಯ ಸಹಿ. ಮಾಹಿತಿಯೇನೋ ಒಂದೇ ಸಾಲಿನದು. ಆದರೆ ಅಜ್ಜ ಮುತ್ತಜ್ಜರನ್ನು ಹುಡುಕಿ ಹೊರಟವರಿಗೆ ಈ ಸಾಲಿಗಿಂತ ಗಟ್ಟಿಯಾದ ಆಧಾರ ಬೇರೆಯಿಲ್ಲ. ಕೆಲವೊಮ್ಮೆ ಜ್ಞಾನ ತಂದೆಯ ಹೆಸರೇ ಕಳೆದುಹೋದ ಒಬ್ಬ ಚಿಕ್ಕಪ್ಪನನ್ನೋ ಸೋದರಮಾವನನ್ನೋ ತೋರಿಸಿಕೊಡುತ್ತದೆ. ಮೊದಲ ಗಂಡುಮಗುವಿಗೆ ತಂದೆಯ ತಂದೆಯ ಹೆಸರಿಡುವ ರೂಢಿ ಇನ್ನೂ ಹಲವು ಮನೆಗಳಲ್ಲಿದೆ. ಹಾಗಾಗಿ ಮೊಮ್ಮಗನ ಹೆಸರಿನಿಂದ ಅಜ್ಜನ ಹೆಸರನ್ನು ಊಹಿಸಿಕೊಂಡು ಹಿಂದಿನ ಪುಸ್ತಕಕ್ಕೆ ಹೋಗಬಹುದು.

ಹೀಗೆ ಹಿಂದೆ ಹಿಂದೆ ಹೋದರೆ 1900 ಸಿಗುತ್ತದೆ, ಅದೃಷ್ಟವಿದ್ದರೆ 1850 ಸಿಗುತ್ತದೆ, ಇನ್ನೂ ಹಿಂದೆ 1800ರ ಆಸುಪಾಸು. ಅಲ್ಲಿಗೆ ದಾರಿ ಕಡಿಯುತ್ತದೆ. ಮಂಗಳೂರಿನ ಕೊಂಕಣಿ ಕ್ಯಾಥೊಲಿಕ್ ಮನೆತನಗಳಲ್ಲಿ ಹೆಚ್ಚಿನವು ಈ ಗೋಡೆಗೆ ಬಂದು ನಿಂತಿವೆ.

ಅಮೆರಿಕದ ಹಳೆಯ ಡಚ್ ಮನೆತನಗಳ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಇಂದಿನ ನ್ಯೂಯಾರ್ಕ್ ಆಗ ನ್ಯೂ ಆಮ್‌ಸ್ಟರ್‌ಡ್ಯಾಮ್. ಅಲ್ಲಿನ ಡಚ್ ಇಗರ್ಜಿಯ ದೀಕ್ಷಾಸ್ನಾನ ಮತ್ತು ಮದುವೆಯ ದಾಖಲೆಗಳು 1639ರಿಂದಲೇ ಉಳಿದುಕೊಂಡಿವೆ. ಕ್ಲಾಸ್ ಮಾರ್ಟೆನ್ಸನ್, ಎಂದರೆ ಮಾರ್ಟೆನನ ಮಗ ಕ್ಲಾಸ್, 1650ರ ಸುಮಾರಿಗೆ ಆ ಊರಿಗೆ ಬಂದ. ಅವನ ಮಗ ನಿಕೋಲಸ್‌ನ ದೀಕ್ಷಾಸ್ನಾನ 1658ರಲ್ಲಿ ಅದೇ ಪುಸ್ತಕದಲ್ಲಿ ದಾಖಲಾಯಿತು. ಆ ವಂಶದಿಂದಲೇ ಮುಂದೆ ಥಿಯೋಡರ್ ಮತ್ತು ಫ್ರಾಂಕ್ಲಿನ್ ರೂಸ್‌ವೆಲ್ಟ್ ಎಂಬ ಇಬ್ಬರು ಅಧ್ಯಕ್ಷರು ಬಂದರು. ಆ ಸಮಾಜದಲ್ಲಿಯೂ ಮೊದಲ ಮಗನಿಗೆ ಅಜ್ಜನ ಹೆಸರಿಡುವುದೇ ರೂಢಿ. ತಂದೆಯ ಹೆಸರನ್ನೇ ಅಡ್ಡಹೆಸರಾಗಿ ಇಟ್ಟುಕೊಳ್ಳುತ್ತಿದ್ದುದರಿಂದ ತಲೆಮಾರಿಗೊಮ್ಮೆ ಹೆಸರು ಬದಲಾಗುತ್ತಿತ್ತು. ಆದರೂ ಪುಸ್ತಕ ಉಳಿದದ್ದರಿಂದ ಸರಪಳಿ ಉಳಿಯಿತು. ಇಷ್ಟಿದ್ದೂ ಕ್ಲಾಸ್ ಹಾಲೆಂಡಿನ ಯಾವ ಹಳ್ಳಿಯವನು ಎಂಬುದು ಇಂದಿಗೂ ಖಚಿತವಾಗಿಲ್ಲ.

ಸರಿಸುಮಾರು ಅದೇ ಕಾಲಕ್ಕೆ ಗೋವಾದ ಬಾರ್ದೇಸ್, ಸಾಷ್ಟಿ, ತಿಸವಾಡಿಗಳಿಂದ ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಕೆನರಾದ, ಎಂದರೆ ಇಂದಿನ ಕರ್ನಾಟಕ ಕರಾವಳಿಯ, ಕಡೆಗೆ ಇಳಿಯುತ್ತಿದ್ದವು. 1510ರಲ್ಲಿ ಪೋರ್ಚುಗೀಸ್ ಸೇನಾನಿ ಆಲ್ಬುಕರ್ಕ್ ಗೋವಾವನ್ನು ಹಿಡಿದ. 1540ರ ನಂತರ ಮತಾಂತರ ಬಿರುಸಾಯಿತು. 1560ರಲ್ಲಿ ಅಲ್ಲಿ ಇನ್‌ಕ್ವಿಸಿಷನ್ ಎಂಬ ಧಾರ್ಮಿಕ ನ್ಯಾಯಾಲಯ ಕುಳಿತಿತು. ಮತ ಬದಲಾದರೂ ಹಬ್ಬ, ಮದುವೆ, ಊಟ, ಉಡುಗೆಗಳಲ್ಲಿ ಹಳೆಯ ಪದ್ಧತಿಯನ್ನು ಬಿಡದವರ ಮೇಲೆ ಅದರ ಕಣ್ಣಿತ್ತು. 1684ರಲ್ಲಿ ಕೊಂಕಣಿ ಭಾಷೆಯನ್ನು ಬಿಟ್ಟು ಪೋರ್ಚುಗೀಸ್ ಕಲಿಯಬೇಕೆಂಬ ಆಜ್ಞೆಯೂ ಹೊರಟಿತು. ಇದರ ನಡುವೆ ಬರ, ಸಾಂಕ್ರಾಮಿಕ ರೋಗ, 1683ರಲ್ಲಿ ಸಂಭಾಜಿಯ ದಾಳಿ, 1737ರಿಂದ 1740ರವರೆಗೆ ಮತ್ತೆ ಮರಾಠರ ದಾಳಿ. ಒಂದೊಂದು ಆಪತ್ತಿಗೂ ಒಂದಷ್ಟು ಮನೆಗಳು ಖಾಲಿಯಾದವು. ವಲಸೆ ಒಂದೇ ಸಲ ನಡೆದದ್ದಲ್ಲ. ಸುಮಾರು ಎರಡು ಶತಮಾನ ನಡೆಯಿತು. ಆದ್ದರಿಂದ ‘ನಮ್ಮವರು ಯಾವಾಗ ಬಂದರು?’ ಎಂಬ ಪ್ರಶ್ನೆಗೆ ಎಲ್ಲ ಮನೆಗೂ ಒಂದೇ ಉತ್ತರವಿಲ್ಲ.

ಬಂದವರನ್ನು ಕೆಳದಿಯ ಅರಸರು ತಡೆಯಲಿಲ್ಲ. ಪಾಳುಬಿದ್ದ ನೆಲವನ್ನು ಗದ್ದೆ ಮಾಡಬಲ್ಲ ಒಕ್ಕಲು ಅವರಿಗೆ ಬೇಕಾಗಿತ್ತು. ಕೆನರಾದ ಅಕ್ಕಿ ಅಂದಿನ ಪಶ್ಚಿಮ ಕರಾವಳಿಯ ದೊಡ್ಡ ಸರಕು. ಗೋವಾದ ಒಲೆ ಉರಿಯುತ್ತಿದ್ದುದೂ ಆ ಅಕ್ಕಿಯಿಂದಲೇ, ಅದನ್ನು ಕೊಳ್ಳಲು ಪೋರ್ಚುಗೀಸರಿಗೆ ಪೈಪೋಟಿಯಾಗಿ ಡಚ್ಚರೂ ಬರುತ್ತಿದ್ದರು. ಕೆಳದಿಯ ಶಿವಪ್ಪನಾಯಕ 1653-54ರ ಸುಮಾರಿಗೆ ಕರಾವಳಿಯ ಕೋಟೆಗಳಿಂದ ಪೋರ್ಚುಗೀಸರನ್ನು ಹೊರಹಾಕಿದ. ಹಾಗಿದ್ದೂ 1678ರ ಒಪ್ಪಂದದಲ್ಲಿ ಇಗರ್ಜಿ ಕಟ್ಟಲು ಮತ್ತೆ ಅವಕಾಶ ಸಿಕ್ಕಿತು. ಆಗ ಆಳುತ್ತಿದ್ದವಳು ರಾಣಿ ಚೆನ್ನಮ್ಮ. ಮಂಗಳೂರಿನ ಮಿಲಾಗ್ರಿಸ್ ಇಗರ್ಜಿ ಶುರುವಾದದ್ದು 1680ರಲ್ಲಿ, ಬಿಷಪ್ ಥಾಮಸ್ ಡಿ ಕ್ಯಾಸ್ಟ್ರೊ ಅವರಿಂದ. ಬೋಳಾರದ ರೊಸಾರಿಯೊ ಅದಕ್ಕೂ ನೂರು ವರ್ಷ ಹಳೆಯದು, 1568ರದು.

1681ರಲ್ಲಿ ಗೋವಾದಿಂದ ಜೋಸೆಫ್ ವಾಜ್ ಎಂಬ ಯುವ ಪಾದ್ರಿ ಇಲ್ಲಿಗೆ ಬಂದರು. ಚದುರಿದ ವಲಸಿಗ ಕುಟುಂಬಗಳನ್ನು ಊರೂರು ತಿರುಗಿ ಒಟ್ಟುಗೂಡಿಸಿದವರು ಅವರು. ಮಂಗಳೂರಿನ ಹತ್ತಿರದ ಮುಡಿಪುವಿನಲ್ಲಿ ಅವರ ನೆನಪಿನ ಕ್ಷೇತ್ರ ಇವತ್ತಿಗೂ ಜನರನ್ನು ಸೆಳೆಯುತ್ತದೆ. ಮುಂದೆ ಅವರು ಡಚ್ಚರ ಆಳ್ವಿಕೆಯ ಸಿಂಹಳಕ್ಕೆ ಹೋದರು. 2015ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು.

ಇನ್ನು ಹೆಸರಿನ ವಿಚಾರ. ದೀಕ್ಷಾಸ್ನಾನದ ಹೊತ್ತಿಗೆ ಹೊಸ ಕ್ರೈಸ್ತರಿಗೆ ಪೋರ್ಚುಗೀಸ್ ಅಡ್ಡಹೆಸರು ಬರುತ್ತಿತ್ತು. ದೀಕ್ಷೆ ಕೊಟ್ಟ ಪಾದ್ರಿಯ ಹೆಸರು, ಇಲ್ಲವೇ ಮುಂದೆ ನಿಂತ ಪೋರ್ಚುಗೀಸ್ ಜ್ಞಾನ ತಂದೆಯ ಹೆಸರು. ಹಾಗಾಗಿ ಒಂದೇ ಮನೆಯ ಕವಲುಗಳಿಗೆ ಬೇರೆ ಬೇರೆ ಹೆಸರು ಬಂದಿರಬಹುದು. ಸಂಬಂಧವೇ ಇಲ್ಲದ ನೂರು ಮನೆಗಳು ಡಿಸೋಜ ಆಗಿರಬಹುದು. ಪುಸ್ತಕದ ಒಂದೇ ಪುಟದಲ್ಲಿ ಕಾಣುವ ಮೂವರು ಡಿಸೋಜರು ಬಂಧುಗಳೇ ಆಗಿರಬೇಕೆಂದಿಲ್ಲ. ವಂಶ ಹುಡುಕುವವರು ಇಲ್ಲಿ ಅಡ್ಡಹೆಸರನ್ನು ನಂಬಿದರೆ ದಾರಿ ತಪ್ಪುವುದು ಖಂಡಿತ. ನಂಬಬೇಕಾದದ್ದು ಅದರ ಹಿಂದೆ ಅಡಗಿ ಉಳಿದ ಹಳೆಯ ಮನೆತನದ ಹೆಸರನ್ನು: ಪ್ರಭು, ಕಾಮತ್, ಪೈ, ಶೆಣೈ, ಶೇಟ್, ನಾಯಕ್. ಕೆಲವು ಮನೆಗಳು ಎರಡನ್ನೂ ಸೇರಿಸಿ ಬರೆದವು. ಸಂತ ಅಲೋಶಿಯಸ್ ಕಾಲೇಜು 1880ರಲ್ಲಿ ಶುರುವಾದಾಗ ಗುಡ್ಡದ ಮೇಲಿನ ಜಾಗ ಕೊಟ್ಟವರು ಲಾರೆನ್ಸ್ ಲೋಬೊ ಪ್ರಭು. 1967ರಲ್ಲಿ ಉಡುಪಿಯಿಂದ ಲೋಕಸಭೆಗೆ ಗೆದ್ದವರು ಐಸಿಎಸ್ ಅಧಿಕಾರಿಯಾಗಿದ್ದ ಜೆ. ಎಂ. ಲೋಬೊ ಪ್ರಭು. ಈ ಸಮುದಾಯದ ಚರಿತ್ರೆಯನ್ನು 1999ರಲ್ಲಿ ಪುಸ್ತಕವಾಗಿ ತಂದ ಅಲನ್ ಮಚಾದೊ ಪ್ರಭು ಕೂಡ ಎರಡೂ ಹೆಸರನ್ನು ಇಟ್ಟುಕೊಂಡವರೇ.

ಹುಡುಕಾಟಕ್ಕೆ ಅಡ್ಡವಾದ ಆ ಗೋಡೆ ಎದ್ದದ್ದು ಹೇಗೆ? ಎರಡನೆಯ ಆಂಗ್ಲೋ-ಮೈಸೂರು ಯುದ್ಧದಲ್ಲಿ, 1783ರಲ್ಲಿ, ಇಂಗ್ಲಿಷರು ಮಂಗಳೂರನ್ನು ಹಿಡಿದರು. ಕ್ರೈಸ್ತರು ಅವರಿಗೆ ನೆರವಾದರೆಂಬ ಶಂಕೆ ಟಿಪ್ಪು ಸುಲ್ತಾನನಿಗೆ ಇತ್ತು. 1784ರ ಫೆಬ್ರವರಿಯಲ್ಲಿ, ವಿಭೂತಿ ಬುಧವಾರದ ಹೊತ್ತಿಗೆ, ಕೆನರಾದ ಉದ್ದಕ್ಕೂ ಕ್ರೈಸ್ತ ಕುಟುಂಬಗಳನ್ನು ಒಟ್ಟಿಗೆ ಸೆರೆಹಿಡಿಯಲಾಯಿತು. ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ಎಷ್ಟು ಜನ ಎಂಬ ಬಗ್ಗೆ ಲೆಕ್ಕಗಳು ಒಂದಕ್ಕೊಂದು ಹೊಂದುವುದಿಲ್ಲ. ಟಿಪ್ಪುವಿನ ಸೆರೆಯಲ್ಲಿದ್ದ ಇಂಗ್ಲಿಷ್‌ನವ ಜೇಮ್ಸ್ ಸ್ಕರಿ 30,000 ಎಂದರೆ, ಬೇರೆ ಮೂಲಗಳು 60,000ಕ್ಕೂ ಮೀರಿ ಹೋಗುತ್ತವೆ. ಪಾದ್ರಿಗಳನ್ನು ಗೋವಾಕ್ಕೆ ಗಡೀಪಾರು ಮಾಡಲಾಯಿತು. ಮಿಲಾಗ್ರಿಸ್ ಸೇರಿದಂತೆ ಇಗರ್ಜಿಗಳನ್ನು ನೆಲಸಮ ಮಾಡಲಾಯಿತು. ಇಗರ್ಜಿಗಳ ಜತೆ ಅವುಗಳ ಪುಸ್ತಕಗಳೂ ಹೋದವು. ನೂರು ವರ್ಷಗಳ ಹುಟ್ಟು, ಮದುವೆ, ಸಾವು ಅಳಿಸಿಹೋದದ್ದು ಹೀಗೆ.

ಸೆರೆ 15 ವರ್ಷ ನಡೆಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಉಳಿದವರು ಹಿಂದಿರುಗಿದರು, ಎಲ್ಲರೂ ಅಲ್ಲ. ದಾರಿಯಲ್ಲಿ ಸತ್ತವರು, ರೋಗಕ್ಕೆ ಬಲಿಯಾದವರು, ಒತ್ತಾಯದಿಂದ ಮತ ಬದಲಿಸಿ ಅಲ್ಲಿಯೇ ನಿಂತವರು ಬಹಳ. ಕೆಲವರು ತಪ್ಪಿಸಿಕೊಂಡು ಕೊಡಗಿಗೆ ಹೋದರು. ಅಲ್ಲಿ ದೊಡ್ಡ ವೀರರಾಜೇಂದ್ರ ಆಶ್ರಯ ಕೊಟ್ಟ. ವಿರಾಜಪೇಟೆಯ ಸಂತ ಅನ್ನಮ್ಮನವರ ಇಗರ್ಜಿ 1792ರಲ್ಲಿ ಶುರುವಾದದ್ದೇ ಈ ನಿರಾಶ್ರಿತರಿಗಾಗಿ. ಮಂಗಳೂರಿನಲ್ಲಿ ಸಿಗದ ಒಂದು ಕವಲು ವಿರಾಜಪೇಟೆಯಲ್ಲಿ ಸಿಕ್ಕರೆ ಅಚ್ಚರಿಯಿಲ್ಲ.

ಆ ಸೆರೆಯ ಬಗ್ಗೆ ಸೆರೆಯಲ್ಲಿದ್ದವರ ಕಡೆಯಿಂದಲೇ ಬಂದ ಬರಹ ಒಂದಿದೆ. ‘ಬಾರ್ಕೂರು ಹಸ್ತಪ್ರತಿ’ ಎಂದು ಅದಕ್ಕೆ ಹೆಸರು. ಶ್ರೀರಂಗಪಟ್ಟಣದಿಂದ ಹಿಂದಿರುಗಿದ ಬಾರ್ಕೂರಿನ ಒಬ್ಬ ಕ್ರೈಸ್ತ ಅದನ್ನು ಬರೆದದ್ದು ಪೋರ್ಚುಗೀಸಿನಲ್ಲಲ್ಲ, ಲ್ಯಾಟಿನಿನಲ್ಲಲ್ಲ, ಕನ್ನಡದಲ್ಲಿ. ಇತಿಹಾಸಕಾರ ಫಾದರ್ ಸೆವೆರಿನ್ ಸಿಲ್ವ ಅವರ ಶೋಧದಿಂದ ಅದು ಬೆಳಕಿಗೆ ಬಂತು. ಗೋವಾದಿಂದ ಬಂದ ಜನ ಕೆಲವು ತಲೆಮಾರಿನಲ್ಲಿಯೇ ತಮ್ಮ ದೊಡ್ಡ ದುಃಖವನ್ನು ಕನ್ನಡದಲ್ಲಿ ಬರೆದಿಡುವಷ್ಟು ಈ ನೆಲದವರಾಗಿದ್ದರು. ಕನ್ನಡದ ಚರಿತ್ರೆ ಬರೆಯುವವರು ಈ ಹಸ್ತಪ್ರತಿಗೆ ಕೊಡಬೇಕಾದಷ್ಟು ಬೆಲೆ ಇನ್ನೂ ಕೊಟ್ಟಿಲ್ಲ.

ಹಿಂದಿರುಗಿದವರಿಗೆ ಮೊದಲು ಬೇಕಾದದ್ದು ನೆಲ. ಅವರ ಗದ್ದೆ ತೋಟಗಳಲ್ಲಿ ಆಗಲೇ ಬೇರೆಯವರು ಬೇಸಾಯ ಮಾಡುತ್ತಿದ್ದರು. 1799ರಲ್ಲಿ ಕೆನರಾದ ಕಲೆಕ್ಟರಾಗಿ ಬಂದ ಥಾಮಸ್ ಮನ್ರೊ ಕಾಲದಿಂದ ಭೂಮಿಯ ಲೆಕ್ಕ ಹೊಸದಾಗಿ ಶುರುವಾಯಿತು. ವಂಶ ಹುಡುಕುವವರಿಗೆ ಇದೊಂದು ಬಾಗಿಲು. ಯಾವ ವರ್ಗ (ಭೂಹಿಡುವಳಿ) ಯಾರ ಹೆಸರಿನಲ್ಲಿದೆ, ಮೂಲಗೇಣಿ (ಕಾಯಂ ಗೇಣಿ) ಯಾರದು, ಅಪ್ಪನಿಂದ ಮಗನಿಗೆ ಯಾವಾಗ ಬಂತು ಎಂಬುದನ್ನು ಕಂದಾಯದ ಕಾಗದ, ಹಳೆಯ ಅಡಂಗಲ್, ಪಾಲುಪಟ್ಟಿಗಳು ಹೇಳುತ್ತವೆ. ದಕ್ಷಿಣ ಕನ್ನಡ 1956ರವರೆಗೆ ಮದರಾಸಿಗೆ ಸೇರಿದ್ದರಿಂದ ಹಳೆಯ ಕಡತಗಳಿಗೆ ಚೆನ್ನೈನ ಪತ್ರಾಗಾರಕ್ಕೂ ಹೋಗಬೇಕಾಗುತ್ತದೆ. ಇಗರ್ಜಿಗಳ ಆಡಳಿತವೂ ಕೈ ಬದಲಾಯಿಸುತ್ತ ಬಂತು: ಗೋವಾದ ಆರ್ಚ್‌ಬಿಷಪ್, ಕೇರಳದ ವರಾಪ್ಪುಳ, ಕಾರ್ಮೆಲೈಟರು, 1878ರ ಕೊನೆಯ ದಿನ ಬಂದಿಳಿದ ಜೆಸುಯಿಟರು, 1886ರಲ್ಲಿ ಮಂಗಳೂರು ಧರ್ಮಪ್ರಾಂತ್ಯ. ಒಂದು ಪುಸ್ತಕಕ್ಕಾಗಿ ಮೂರು ಊರು ಅಲೆಯಬೇಕಾಗುವುದು ಇದರಿಂದಲೇ.

ಗೋಡೆಯ ಆಚೆ ಬದಿಯಿಂದ ಬರುವ ದಾರಿ ಗೋವಾದ್ದು. ಪಣಜಿಯ ಪುರಾಭಿಲೇಖಾಗಾರದಲ್ಲಿ ಗ್ರಾಮಸಂಸ್ಥೆಗಳ ಹಳೆಯ ಪುಸ್ತಕಗಳಿವೆ. ಪೊರ್ವೊರಿಮ್‌ನ ಕ್ಸೇವಿಯರ್ ಚಾರಿತ್ರಿಕ ಸಂಶೋಧನಾ ಕೇಂದ್ರವೂ ಇದೆ. ಹಳೆಯ ಮನೆತನದ ಹೆಸರು ಮತ್ತು ಗೋವಾದ ಊರಿನ ಹೆಸರು ಎರಡೂ ಕೈಯಲ್ಲಿದ್ದರೆ ಅಲ್ಲಿ ಮುಂದುವರಿಯಬಹುದು. ಒಂದೇ ಇದ್ದರೆ ಬಹಳ ಕಷ್ಟ. ಪೋರ್ಚುಗೀಸ್ ಓದಲು ಬರುವವರ ನೆರವೂ ಬೇಕು.

ಈ ಕೆಲಸವನ್ನು ಒಂದು ಮನೆಗಲ್ಲದೆ ಇಡೀ ಸಮುದಾಯಕ್ಕೆ ಮಾಡಲು ಹೊರಟವರು ಬೆಂಗಳೂರಿನಲ್ಲಿ ನೆಲೆಸಿದ ಡಾ. ಮೈಕೆಲ್ ಲೋಬೊ. 1990ರ ದಶಕದಿಂದ ಅವರು ಮನೆಮನೆಯಿಂದ ಮಾಹಿತಿ ಕೂಡಿಸಿ ಸಾವಿರಕ್ಕೂ ಹೆಚ್ಚು ಕುಟುಂಬಗಳ ವಂಶಾವಳಿ ಕಟ್ಟಿದ್ದಾರೆ. ಅವರ ದುಡಿಮೆಗೆ ಈ ಸಮುದಾಯ ಋಣಿ. ಆದರೂ ಒಂದು ಮಾತನ್ನು ಹೇಳಲೇಬೇಕು: ಯಾವ ವಂಶಾವಳಿಯಾದರೂ ಮೊದಲು ತುಂಬುವುದು ಕಾಗದಪತ್ರ ಉಳಿಸಿಕೊಂಡ ಮನೆಗಳಿಂದ. ವರ್ಗದಾರರ, ವಕೀಲರ, ಕಾಫಿ ತೋಟದವರ ಮನೆಗಳಲ್ಲಿ ಪೆಟ್ಟಿಗೆಗಟ್ಟಲೆ ಕಾಗದ. ಗೇಣಿ ಒಕ್ಕಲಿನ, ಹೆಂಚಿನ ಕಾರ್ಖಾನೆಯ ಕೂಲಿಯ ಮನೆಗಳಲ್ಲಿ ಒಂದು ಚೀಟಿಯೂ ಇರಲಿಲ್ಲ. ಬಾಮಣ್, ಚಾರೊಡಿ, ಶೂದಿರ್ ಎಂಬ ಹಳೆಯ ಜಾತಿಭೇದ ಮತಾಂತರದ ನಂತರವೂ ಹೋಗಲಿಲ್ಲ. ಯಾವ ಮನೆಯ ನೆನಪು ಉಳಿಯಿತು, ಯಾವುದರದು ಉಳಿಯಲಿಲ್ಲ ಎಂಬುದನ್ನು ಅದೂ ನಿರ್ಧರಿಸಿದೆ. ಇನ್ನು ಹೆಣ್ಣುಮಕ್ಕಳು. ಮದುವೆಯಾಗಿ ಹೋದ ಮಗಳ ಹೆಸರಿನ ಮುಂದೆ ಎಷ್ಟೋ ವಂಶವೃಕ್ಷಗಳಲ್ಲಿ ಗೆರೆ ನಿಂತುಬಿಡುತ್ತದೆ.

ಆ ಗೆರೆ ಮುಂದುವರಿಯುವುದು ಮದುವೆಯ ಚಪ್ಪರದಲ್ಲಿ. ಮದುವೆಯ ಮುನ್ನಾದಿನದ ರೋಸ್ ಎಂಬ ಶಾಸ್ತ್ರದಲ್ಲಿ ಮದುಮಕ್ಕಳಿಗೆ ತೆಂಗಿನ ಹಾಲು ಹಚ್ಚುತ್ತಾರೆ. ಯಾರು ಮೊದಲು, ಯಾರು ಅನಂತರ ಎಂಬುದಕ್ಕೆ ಕ್ರಮವಿದೆ. ಸೋದರಮಾವನಿಗೆ ತನ್ನದೇ ಜಾಗ. ಹಿರಿಯ ಹೆಂಗಸರು ವೊವಿಯೊ ಎಂಬ ಮದುವೆಯ ಹಾಡುಗಳನ್ನು ಹಾಡುತ್ತಾರೆ. ಮದುಮಗಳು ಸಾಡೊ ಎಂಬ ಕೆಂಪು ಸೀರೆ ಉಡುತ್ತಾಳೆ. ಗೋವಾದ ಇನ್‌ಕ್ವಿಸಿಷನ್ ತಡೆಯಲು ನೋಡಿದ್ದು ಇಂಥವನ್ನೇ. ಸೆವೆರಿನ್ ಸಿಲ್ವ ಮತ್ತು ಸ್ಟೀಫನ್ ಫುಕ್ಸ್ 1965ರಲ್ಲಿ ದಕ್ಷಿಣ ಕನ್ನಡದ ಕ್ರೈಸ್ತರ ಮದುವೆಯ ಪದ್ಧತಿಗಳ ಮೇಲೆ ಪ್ರಕಟಿಸಿದ ಅಧ್ಯಯನ ಇದನ್ನೆಲ್ಲ ದಾಖಲಿಸಿದೆ. ಚಪ್ಪರದಡಿ ಯಾರು ಯಾರಿಗೆ ಏನಾಗಬೇಕು ಎಂದು ಥಟ್ಟನೆ ಹೇಳಬಲ್ಲ ಎಂಬತ್ತರ ಅಜ್ಜಿ ಯಾವ ಪತ್ರಾಗಾರಕ್ಕೂ ಕಡಿಮೆಯಿಲ್ಲ. ಸೆಪ್ಟೆಂಬರ್ 8ರ ಮೊಂತಿ ಹಬ್ಬದ ಹೊಸ ಅಕ್ಕಿ ಊಟಕ್ಕೆ ಕುಟುಂಬ ಒಟ್ಟಾಗುವ ದಿನವೂ ಅಂಥದ್ದೇ. ದೂರದಲ್ಲಿರುವ ಮಕ್ಕಳಿಗೆ ಇಗರ್ಜಿಯಲ್ಲಿ ಹರಸಿದ ತೆನೆಯ ಕಾಳನ್ನು ಅಂಚೆಯಲ್ಲಿ ಕಳಿಸುವ ಮನೆಗಳಿವೆ. ಆ ಲಕೋಟೆಗಳ ಮೇಲಿನ ವಿಳಾಸಗಳನ್ನು ಒಂದು ಹಾಳೆಯಲ್ಲಿ ಬರೆದರೂ ವಂಶವೃಕ್ಷದ ಇತ್ತೀಚಿನ ಕವಲುಗಳು ಸಿಕ್ಕಿಬಿಡುತ್ತವೆ.

1938ರಿಂದ ಮಂಗಳೂರಿನಲ್ಲಿ ಪ್ರಕಟವಾಗುತ್ತಿರುವ ‘ರಾಕ್ಣೊ’ ವಾರಪತ್ರಿಕೆಯ ಮರಣವಾರ್ತೆಗಳನ್ನೂ ಮರೆಯಬಾರದು. ಕನ್ನಡ ಲಿಪಿಯ ಕೊಂಕಣಿಯಲ್ಲಿರುವುದರಿಂದ ಅವನ್ನು ಓದಲು ಪೋರ್ಚುಗೀಸಾಗಲಿ ಲ್ಯಾಟಿನ್ನಾಗಲಿ ಬೇಕಿಲ್ಲ.

ಕರಾವಳಿಯ ಮಳೆಗಾಲ ಕಾಗದಕ್ಕೆ ಶತ್ರು. ತೇವ, ಗೆದ್ದಲು, ಬೆಳ್ಳಿಮೀನು ಎಂಬ ಹುಳ ಯಾವ ಇಗರ್ಜಿಯ ಕಪಾಟನ್ನೂ ಬಿಟ್ಟಿಲ್ಲ. 1800ರ ನಂತರದ ಪುಸ್ತಕಗಳಾದರೂ ನಮ್ಮ ಕೈಯಲ್ಲಿವೆ. ಅವುಗಳ ಒಂದೊಂದು ಪುಟದ ಚಿತ್ರ ತೆಗೆದು ಎರಡು ಕಡೆ ಜೋಪಾನ ಮಾಡುವ ಕೆಲಸವನ್ನು ಧರ್ಮಪ್ರಾಂತ್ಯವೂ ಕರಾವಳಿಯ ಕಾಲೇಜುಗಳ ಇತಿಹಾಸ ವಿಭಾಗಗಳೂ ಸೇರಿ ಕೈಗೆತ್ತಿಕೊಳ್ಳಬೇಕು. ಮನೆಯಲ್ಲಿ ಹಿರಿಯರಿರುವವರು ಬರುವ ಮೊಂತಿ ಹಬ್ಬದ ಊಟದ ನಂತರ ಒಂದು ನೋಟ್‌ಬುಕ್ ಹಿಡಿದು ಕೂರಲಿ. ಮೊದಲು ಕೇಳಬೇಕಾದದ್ದು ಹಳೆಯ ಮನೆತನದ ಹೆಸರು, ಆಮೇಲೆ ಅಜ್ಜಿಯ ತವರು ಯಾವುದು, ಅವಳ ಅಜ್ಜಿಯ ತವರು ಯಾವುದು ಎಂದು.